ಚಂದ್ರಮತಿಯ ಸೌಟು

ಧರ್ಮಪಾಲಣ್ಣ ಅಬುಧಾಬಿಯ ನಮ್ಮ ಹೋಟೆಲಿನಲ್ಲಿ ಇಪ್ಪತ್ತನಾಲ್ಕು ವರ್ಷ ಬೆಳ್ಳಿ ತಿಕ್ಕಿದರು. ಯಾವುದೋ ಇಂಗ್ಲಿಷ್ ಮನೆತನದ, ಇನ್ನೂರು ವರ್ಷ ಹಳೆಯ ಊಟದ ಸೆಟ್ಟು ಅದು. ಒಂದೊಂದು ಚಮಚದ ಹಿಡಿಯ ಮೇಲೂ ಆ ವಂಶದ ಗುರುತು: ಮೀನು ಕಚ್ಚಿದ ಕೊಕ್ಕರೆ. ಜೋರಾಗಿ ತಿಕ್ಕಿದರೆ ಗೆರೆ ಸವೆಯುತ್ತದೆಂದು ಅವರು ಪಾಲಿಶ್ ಮೆಶಿನ್ ಮುಟ್ಟುತ್ತಿರಲಿಲ್ಲ. ಹಳೆಯ ಬನಿಯನ್ ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸುತ್ತಿದ್ದರು. ಅತಿಥಿಗಳು ಕೊಕ್ಕರೆಯ ಫೋಟೊ ತೆಗೆದರು. ಇದನ್ನು ತಿಕ್ಕಿದವರು ಯಾರೆಂದು ಒಬ್ಬರೂ ಕೇಳಲಿಲ್ಲ.

ನಿವೃತ್ತಿಯ ದಿನ ಆಗಿನ ಮ್ಯಾನೇಜರು ಅದೇ ಸೆಟ್ಟಿನ ದೊಡ್ಡ ಸೌಟನ್ನು ಎಲ್ಲರೆದುರು ಅವರ ಕೈಗಿತ್ತರು. ಸೌಟು ಅಬುಧಾಬಿಯ ಹೊರವಲಯದ ಮುಸಫ್ಫಾದಲ್ಲಿರುವ ಅವರ ಮಗನ ಮನೆಗೆ ಹೋಯಿತು. ಹೆಂಡತಿ ಚಂದ್ರಮತಿಯಕ್ಕ ಊರಿಗೆ ಹೋದಾಗ ಅದನ್ನೂ ಒಯ್ದು, ನಾವೆಲ್ಲ ಪಾತ್ರೆಗಳಿಗೆ ಮಾಡಿಸುವಂತೆ, ಹಿಡಿಯ ಹಿಂಬದಿಗೆ ಹೆಸರು ಹಾಕಿಸಿ ತಂದರು: ‘ಚಂದ್ರಮತಿ, ಉಡುಪಿ’.

ಆರು ತಿಂಗಳಲ್ಲಿ ಹೊಸ ಮ್ಯಾನೇಜರು ಬಂದ, ಸೆಟ್ಟನ್ನು ಮಾರಲು ಹೊರಟ. ಕೊಳ್ಳುವವನಿಗೆ ಸೌಟೂ ಬೇಕಂತೆ. ಕೊಟ್ಟದ್ದು ತಪ್ಪಾಗಿದೆ, ವಾಪಸ್ ಕೇಳಿ ಪತ್ರ ಬರೆಯಿರಿ ಎಂದು ಆಫೀಸಿನಲ್ಲಿರುವ ನನಗೆ ಹೇಳಿದ. ನಾಚಿಕೆಗೆಟ್ಟವನು. ಹೊಟ್ಟೆಪಾಡಿಗಾಗಿ ಬರೆದೆ, ನನ್ನ ಮೇಲೂ ನನಗೆ ಸಿಟ್ಟಿದೆ.

ಧರ್ಮಪಾಲಣ್ಣ ಸೌಟು ತಂದರು. ಮ್ಯಾನೇಜರು ಹೆಸರು ನೋಡಿ ಮುಖ ಕಿವುಚಿದ. ಹಾಳು ಮಾಡಿದ್ದಾರೆ, ಇವರೇ ಉಜ್ಜಿ ಅಳಿಸಲಿ ಅಂದ.

ಅತ್ತೆ ಒಡೆದದ್ದು ಒಡಕು ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ. ಯಾವನೋ ದೊರೆ ತನ್ನ ಸೌಟಿಗೆ ಕೊಕ್ಕರೆ ಕೆತ್ತಿಸಿದರೆ ಗೌರವ, ಚಂದ್ರಮತಿಯಕ್ಕ ತನ್ನದಕ್ಕೆ ಹೆಸರು ಕೆತ್ತಿಸಿದರೆ ಹಾಳು. ಇದು ನಮ್ಮ ಮನೆಯದು ಎನ್ನಲು ತಾನೇ ಇಬ್ಬರೂ ಕೆತ್ತಿಸಿದ್ದು?

“ಎಂತ ಮಾಡ್ತೀರಿ ಧರ್ಮಪಾಲಣ್ಣ?” ಎಂದು ಕೇಳಿದೆ.

“ಹತ್ತು ನಿಮಿಷ ಆ ಮೆಶಿನ್ ಕೊಡಿಸಿ ಶರ್ಮಿಳಕ್ಕ,” ಅಂದರು.

ಹೆಂಡತಿಯ ಹೆಸರನ್ನು ಕೈಯಾರೆ ಅಳಿಸುವುದನ್ನು ನೋಡಲಾರದೆ ನಾನು ಪಾಲಿಶ್ ಕೋಣೆಯ ಹೊರಗೇ ನಿಂತೆ. ಮೆಶಿನ್ ಸದ್ದು ನಿಂತಿತು. ಅವರು ಬಂದು ಸೌಟನ್ನು ಮ್ಯಾನೇಜರನ ಮೇಜಿನ ಮೇಲಿಟ್ಟರು. ಹಿಂಬದಿಯಲ್ಲಿ ‘ಚಂದ್ರಮತಿ, ಉಡುಪಿ’ ಹಾಗೆಯೇ ಇತ್ತು. ಮುಂಬದಿ ನುಣ್ಣಗಾಗಿತ್ತು. ಇಪ್ಪತ್ತನಾಲ್ಕು ವರ್ಷ ಕಾಪಾಡಿದ್ದ ಕೊಕ್ಕರೆ ಇರಲಿಲ್ಲ.

ಇನ್ನು ಇದು ನಿಮ್ಮ ಸೆಟ್ಟಿಗೆ ಸೇರುವುದಿಲ್ಲ ಎಂದು ತಣ್ಣಗೆ ಹಿಂದಿಯಲ್ಲಿ ಹೇಳಿದರು. ಮ್ಯಾನೇಜರು ಬಾಯಿ ತೆರೆಯುವ ಮೊದಲೇ ಸೌಟನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಲಿಫ್ಟಿನ ತನಕ ಜೊತೆಗೆ ಹೋದೆ. ಅವರು ಗುಂಡಿ ಒತ್ತಿ ಚೀಲದ ಕಡೆ ನೋಡಿದರು.

“ಪಾಪ, ಆ ಹಕ್ಕಿ ಎಂತ ಮಾಡಿತ್ತು,” ಅಂದರು.