ಓಣಿಗೆ ಕೇಳುತ್ತಿದ್ದ ರೊಟ್ಟಿ ಸಪ್ಪಳ

ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹತ್ತಿಮತ್ತೂರಿನಿಂದ ಬಂಕಾಪುರದ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದೆ. ಮರುವರ್ಷವೇ ಕೈಬೆರಳ ಗಂಟುಗಳಲ್ಲಿ ನೋವು ಹೊಕ್ಕಿತು. ಬಾವಿಲ್ಲ, ಜ್ವರವಿಲ್ಲ, ನೋಡಲು ಗುಂಡುಗುಂಡಗಿದ್ದೆ. ಸವಣೂರಿನ ಡಾಕ್ಟರು ಬೆರಳು ಒತ್ತಿ ನೋಡಿ, ಏನೂ ಕಾಣದೆ, ಚೆನ್ನಾಗಿ ಉಣ್ಣು ಅಂದರು. ಉಣ್ಣುವುದಕ್ಕೇನೋ ನಾನು ತಯಾರು, ರೊಟ್ಟಿ ಮುರಿಯಲು ಕೈ ಬೇಕಲ್ಲ!

ನಮ್ಮ ಕಡೆ ಸೊಸೆಯ ಬೆಲೆ ಕಟ್ಟುವುದು ಕಿವಿಯಿಂದ. ಮುಂಜಾನೆ ಯಾರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎದ್ದಿತು, ಯಾರ ಮನೆಯಲ್ಲಿ ಇಲ್ಲ ಎಂಬುದು ಓಣಿಗೆಲ್ಲ ಗೊತ್ತು. ಕೈಲಾಗದವಳನ್ನು ತವರಿಗೆ ಕಳಿಸಿ ಮಗನಿಗೆ ಇನ್ನೊಬ್ಬಳನ್ನು ತರುವುದೂ ಇತ್ತು. ನೆಂಟರೊಬ್ಬರು ನಮ್ಮ ಮನೆಯಲ್ಲೇ ಆ ಮಾತು ಎತ್ತಿ ಹೋಗಿದ್ದರು. ನೋವಿಗಿಂತ ಆ ಭಯವೇ ನನ್ನನ್ನು ಹೆಚ್ಚು ತಿನ್ನುತ್ತಿತ್ತು.

ಅತ್ತೆ ಮಾತ್ರ ಏನೂ ಅನ್ನಲಿಲ್ಲ. ದಿನಾ ಎದ್ದವರೇ “ಕೈ ಹೆಂಗದಾವ ತಂಗಿ ಇವತ್ತ?” ಎಂದು ಕೇಳುವರು. ನನ್ನ ಕುಪ್ಪಸದ ಗಂಟು ಕಟ್ಟಿ, ಒಲೆಯ ಮುಂದೆ ಕೂತು, ಬೇಕೆಂದೇ ಜೋರಾಗಿ ರೊಟ್ಟಿ ಬಡಿಯುವರು. ಓಣಿ ನನ್ನನ್ನು ಹೊಗಳುತ್ತಿತ್ತು.

ಆ ಹೊಗಳಿಕೆಯೇ ಕುತ್ತಿಗೆಗೆ ಬಂತು. ಮದುವೆ ಮನೆಗೆ ಓಣಿಯ ಹೆಂಗಸರು ಸೇರಿ ರೊಟ್ಟಿ ಬಡಿದುಕೊಡುವುದು ವಾಡಿಕೆ. ಎದುರು ಮನೆಯಲ್ಲಿ ಮದುವೆ ಗೊತ್ತಾಗಿ, ಆ ಮನೆಯ ಹಿರಿಯಾಕೆ ಬಂದು “ನಿಮ್ಮ ಸೊಸೀನ್ನೂ ಕರಕೊಂಡ ಬರ್ರಿ, ಕೈ ಭಾಳ ಚಲೋ ಅಂತ” ಅಂದಳು. ಬರುವುದಿಲ್ಲ ಅಂದರೆ ಸೊಕ್ಕು. ಅತ್ತೆಯ ಜೊತೆ ಹೋದೆ.

ಹಿಟ್ಟು ನಾದುವಾಗಲೇ ಕಣ್ಣಲ್ಲಿ ನೀರು ಬಂತು. ಬಡಿದ ರೊಟ್ಟಿ ಅಂಗೈ ಅಗಲ ಆಗುವುದರೊಳಗೆ ಹರಿಯಿತು. ಇನ್ನೊಂದೂ ಹರಿಯಿತು.

“ಮನ್ಯಾಗ ಟಪಟಪ ಬಡೀತಾಳ, ಮಂದಿ ಹಿಟ್ಟಿಗೆ ಕೈ ಬರೂದಿಲ್ಲ ನೋಡ್ರಿ” ಅಂದಳೊಬ್ಬಳು. ಎಲ್ಲರೂ ನಕ್ಕರು.

ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ನಿಂತರು. “ನೀವು ದಿನಾ ಕೇಳೂ ಸಪ್ಪಳ ನಂದು. ಇಕಿ ಕೈಯಾಗ ಬ್ಯಾನಿ ಐತಿ. ನಿಮಗ ತೋರ್ಸಾಕ ಗಾಯ ಇಲ್ಲ, ಬಾವಿಲ್ಲ. ಆದ್ರೂ ಐತಿ. ಮುಂಜಾನೆದ್ದು ಇಕಿ ಕುಪ್ಪಸದ ಗಂಟು ಕಟ್ಟಾಕಿ ನಾನು. ನನಗ ಗೊತ್ತೈತಿ.”

 ಮದುವೆ ಮನೆಯ ಆ ಹಿರಿಯಾಕೆ ನನ್ನ ಮುಂದಿದ್ದ ಹಿಟ್ಟನ್ನು ತನ್ನ ಕಡೆ ಎಳೆದುಕೊಂಡಳು. “ನನ್ನ ಮೊಣಕಾಲೂ ಹಂಗ ಅದಾವವ್ವಾ. ಹೇಳಿದ್ರ ಯಾರು ನಂಬ್ತಾರಂತ ಸುಮ್ಮನಿದ್ದೆ” ಅಂದಳು. ನನಗೆ ಬೆಂದ ರೊಟ್ಟಿ ಆರಹಾಕುವ ಕೆಲಸ ಕೊಟ್ಟರು. ತವರಿಗೆ ಕಳಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ನೋವು ಹೋಗಲಿಲ್ಲ. ಈಗಿನ ಡಾಕ್ಟರು ಅದಕ್ಕೊಂದು ದೊಡ್ಡ ಹೆಸರು ಹೇಳುತ್ತಾರೆ. ಸುಳ್ಳು ಅನ್ನುವವರು ಯಾರೂ ಇಲ್ಲ. ಮನೆಯವರೂ ಒಳ್ಳೆಯವರೇ, ಗುಳಿಗೆ ತಗೊಂಡೆಯಾ ಎಂದು ತಪ್ಪದೆ ಕೇಳುತ್ತಾರೆ. ಆದರೆ ನನಗೆ ಅತ್ತೆ ಬೇಕು. ಮುಂಜಾನೆ ಎಚ್ಚರವಾದರೂ ಕಣ್ಣು ತೆರೆಯದೆ ಸ್ವಲ್ಪ ಹೊತ್ತು ಹಾಗೇ ಮಲಗಿರುತ್ತೇನೆ, ಅವರು ಬಂದು ಕೈ ಹೇಗಿವೆ ಎಂದು ಕೇಳಲಿ ಎಂದು.