ದಾದೇಸಾಬ ಕಾಯ್ದ ತಂಪು

ಯಲಬುರ್ಗಾ ಕಡೆಯ ನಮ್ಮ ಮಂಗಳೂರು ಹಳ್ಳಿಯಲ್ಲಿ ದಾದೇಸಾಬನದು ಮಾಂಸದ ಅಂಗಡಿ. ತಾನಾಗಿ ಸತ್ತ ಕುರಿಗೆ ಅವನು ನಲವತ್ತು ವರ್ಷದಲ್ಲಿ ಒಮ್ಮೆಯೂ ಚೂರಿ ಹಚ್ಚಿದವನಲ್ಲ. ಆ ನೇಮ ಮೀರಿದ್ದು ಒಂದೇ ಸಲ, ನನಗಾಗಿ.

ಹೋದ ವರ್ಷ ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ ನನ್ನ ಕೆಂಗುರಿ ತಳಿಯ ಟಗರು ಹೊಟ್ಟೆ ಉಬ್ಬಿ ಸತ್ತಿತು. ಅಷ್ಟೆತ್ತರದ ಟಗರು ಸುತ್ತ ಎಲ್ಲೂ ಇರಲಿಲ್ಲ. ಅದರ ಮರಿ ಒಂದೂ ಉಳಿದಿರಲಿಲ್ಲ. ಬೆದೆಗೆ ಬಂದ ಎರಡು ಕುರಿ ಹಟ್ಟಿಯಲ್ಲಿ ನಿಂತಿದ್ದವು. ಪಶು ಡಾಕ್ಟರ್ ಮಲ್ಲೇಶ್ವರಿಯವರಿಗೆ ಫೋನ್ ಮಾಡಿದೆ. ಮುನಿರಾಬಾದಿನಲ್ಲಿದ್ದ ಅವರು ಬರುವುದು ಮರುದಿನವೇ.

“ಟಗರು ಸತ್ರೂ ಬೀಜದಾಗಿನ ವೀರ್ಯ ಲಗೂನ ಸಾಯಂಗಿಲ್ರಿ ಅಮ್ಮಾ. ಎರಡೂ ಬೀಜ ಚೀಲದ ಸಮೇತ ಕೊಯ್ಸಿ ತಂಪಿನ್ಯಾಗ ಇಡ್ರಿ. ಬರ್ಫ ಮಾತ್ರ ತಾಗಬಾರದು,” ಎಂದರು.

ದಾದೇಸಾಬನ ಅಂಗಡಿಗೆ ಓಡಿಹೋಗಿ ಸಂಗತಿ ಹೇಳಿದೆ. “ತಿನ್ನಾಕಲ್ಲ, ಮಾರಾಕಲ್ಲ. ಬರ್ತೀನಿ ನಡಿ ಅಕ್ಕಾ,” ಎಂದು ಅಂಗಡಿ ಮುಚ್ಚಿ ಬಂದ.

ಓಣಿಯ ಹುಲಗಪ್ಪ ಅವನನ್ನು ಕೆಣಕದೆ ಬಿಡಲಿಲ್ಲ. “ಏನ್ರಿ ಸಾಬ್ರ, ಇವತ್ತ ಸತ್ತದ್ದರ ಯಾಪಾರೇನು?”

“ಹೌದಪಾ, ನಿನಗೊಂದ ಕಿಲೋ ತೆಗದಿಡ್ಲೇನು?”

ದಾದೇಸಾಬ ಬೀಜ ಕೊಯ್ದವನೇ ಎರಡನ್ನೂ ಒಣಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿ ಥರ್ಮಾಕೋಲ್ ಡಬ್ಬಿಯಲ್ಲಿಟ್ಟ. ತಳದಲ್ಲಿ ಬರ್ಫದ ಗಡ್ಡೆ, ಅದರ ಮೇಲೆ ಎರಡು ಮಡಿಕೆ ಗೋಣಿ, ಮೇಲೆ ಗಂಟುಗಳು. ತಾಸಿಗೊಮ್ಮೆ ಕೈಯಿಟ್ಟು ನೋಡುತ್ತಿದ್ದ. ಕರಗಿದಷ್ಟೇ ಬರ್ಫ ಹಾಕುತ್ತಿದ್ದ.

ಸಂಜೆ ಅವನು ನಮಾಜಿಗೆ ಹೋದಾಗ ತಪ್ಪು ಮಾಡಿದವಳು ನಾನು. ಖಂಡ ಕೆಡದಿರಲು ಉಪ್ಪು ಹಾಕುವುದು ನಮ್ಮ ಮನೆಯ ರೂಢಿ. ಹೇಗೂ ಬಟ್ಟೆ ಸುತ್ತಿದೆಯಲ್ಲ ಎಂದು ಒಂದು ಗಂಟಿನ ಸುತ್ತ ಬರ್ಫ ಒತ್ತಿ, ಮೇಲೆ ಹಿಡಿ ಉಪ್ಪು ಸುರಿದೆ. ಅವನು ಬಂದು ಮುಟ್ಟಿದಾಗ ಆ ಗಂಟು ಕಲ್ಲಾಗಿತ್ತು.

“ಕುಲ್ಫಿ ಮಾಡಾಕ ಕುಂತಿದ್ದೇನ ಅಕ್ಕಾ? ಉಪ್ಪು ಬಿದ್ರ ಬರ್ಫ ಇನ್ನೂ ಕೊರಿತೈತಿ!”

ಅವನು ಮತ್ತೊಂದು ಮಾತು ಬೈಯಲಿಲ್ಲ. “ಅದು ಹೋತು. ಇನ್ನೊಂದ ಐತಲ್ಲ,” ಎಂದು ಹೊಸ ಗೋಣಿ ಹಾಸಿದ. ಬೆಳಗಾಗುವ ತನಕ ಡಬ್ಬಿಯ ಬಳಿಯಿಂದ ಏಳಲಿಲ್ಲ.

ಒಂಬತ್ತಕ್ಕೆ ಬಂದ ಡಾಕ್ಟರು ಎರಡರ ವೀರ್ಯವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಉಪ್ಪು ಬಿದ್ದದ್ದರಲ್ಲಿ ಒಂದೂ ಅಲುಗುತ್ತಿರಲಿಲ್ಲ. ಇನ್ನೊಂದರಲ್ಲಿ ಹತ್ತಕ್ಕೆ ಆರು ಓಡುತ್ತಿದ್ದವು.

“ನಿನ್ನೆ ಇದಕ್ಕಿಂತ ಹೆಚ್ಚಿದ್ವು, ನಾಳೆ ಇನ್ನೂ ಕಡಿಮಿ ಆಕ್ಕಾವು. ಇವತ್ತ ಹಾಕೂಣ್ರಿ,” ಎಂದು ಎರಡೂ ಕುರಿಗೆ ಹಾಕಿದರು. “ಯಾರ್ರೀ ಇಷ್ಟು ಛಲೋ ಕಾಯ್ದವರು?”

ದಾದೇಸಾಬ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿದ್ದ.

ಒಂದು ಕುರಿ ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂತು. ಇನ್ನೊಂದು ನೂರಾ ನಲವತ್ತೊಂಬತ್ತನೇ ದಿನ ಗಂಡುಮರಿ ಹಾಕಿತು. ದಾದೇಸಾಬ ಬಂದು ಅದರ ಕಾಲನ್ನು ಗೇಣಿನಿಂದ ಅಳೆದ.

“ಅಪ್ಪನಂಗ ಕಾಲ ಐತಿ. ಇದನ್ನ ನನ್ನ ಅಂಗಡಿ ಕಡೆ ಹೊಡಕೊಂಡ ಬರಬ್ಯಾಡ ನೋಡಕ್ಕಾ.”