ಅಧ್ಯಕ್ಷರ ಕೆಮ್ಮು, ನನ್ನ ಗಂಟಲು

ಜಪಾನಿನ ಸೆಂಡಾಯ್‌ನಲ್ಲಿ ನಾನಿರುವ ಬಾಡಿಗೆ ಮನೆಯ ಗೋಡೆ ಓರೆಯಾಗಿದೆ. ಬೀಳುತ್ತಿಲ್ಲ, ಕಟ್ಟಿದ್ದೇ ಹಾಗೆ. ನಾನು ಹುಟ್ಟುವ ಮೊದಲು ಇಲ್ಲೊಂದು ವಾಸ್ತುಶಿಲ್ಪದ ಪ್ರದರ್ಶನ ನಡೆದಿತ್ತಂತೆ. ದೇಶವಿದೇಶದ ಆರ್ಕಿಟೆಕ್ಟ್‌ಗಳನ್ನು ಕರೆಸಿ, ಒಬ್ಬೊಬ್ಬರಿಗೆ ಒಂದೊಂದು ಬ್ಲಾಕ್ ವಹಿಸಿ, ನಾಳೆಯ ಮನೆ ಹೇಗಿರಬೇಕೋ ಕಟ್ಟಿ ತೋರಿಸಿ ಎಂದರಂತೆ. ಪ್ರದರ್ಶನ ಮುಗಿಯಿತು, ಮನೆಗಳು ಉಳಿದವು, ನಮ್ಮಂಥವರು ಒಳಗೆ ಸೇರಿಕೊಂಡೆವು. ನಾಳೆಯ ಮನೆಯಲ್ಲಿ ಬೀರು ಇಡಲು ಒಂದು ನೆಟ್ಟನೆಯ ಮೂಲೆಯಿಲ್ಲ. ದೇವರ ಪಟ ತೂಗುಹಾಕಿದರೆ ಗೋಡೆಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ವಿಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮ ಈಗಲೂ ಹೇಳುತ್ತಾಳೆ: "ಗೋಡೆ ಬೀಳೋ ಹಾಗಿದ್ಯಲ್ಲೋ, ಓನರ್‌ಗೆ ಹೇಳೋ!"

ವರ್ಷಕ್ಕೊಂದು ಭಾನುವಾರ ಇದನ್ನೆಲ್ಲ ನೋಡಲು ಜನ ಬರುತ್ತಾರೆ. ಅವರನ್ನು ಸುತ್ತಾಡಿಸುವವರು ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು. ಎಲ್ಲರಿಗೂ ಅವರು ಕೈಚೋ ಸಾನ್, ನಮ್ಮಲ್ಲಿ 'ಅಧ್ಯಕ್ಷರೇ' ಎಂದಂತೆ. ಈ ಬ್ಲಾಕ್ ಕಟ್ಟುವಾಗ ಸೆಂಟ್ರಿಂಗ್ ಕೆಲಸ ಮಾಡಿದವರು, ಅಂದರೆ ಕಾಂಕ್ರೀಟು ಸುರಿಯಲು ಹಲಗೆಯ ಅಚ್ಚು ಕಟ್ಟಿದವರು. ಆಮೇಲೆ ಇಲ್ಲೇ ಮನೆ ಹಿಡಿದು ಉಳಿದುಬಿಟ್ಟರು. ಜಲ್ಲಿ ಉರುಳಿದಂಥ ದನಿ, ಮುಖ್ಯವಾದ ಪ್ರತಿ ಮಾತಿಗೂ ಮುಂಚೆ ಒಂದು "ಹ್ಹೆಂ!" ಹೊರಗಿನ ತೆರೆದ ಮೆಟ್ಟಿಲು ಎಲ್ಲರ ಅಡುಗೆಮನೆಯ ಮುಂದೆಯೇ ಹಾಯುವುದರಿಂದ ಗುಂಪಿಗೊಂದು ಸಲದಂತೆ ದಿನವಿಡೀ ಅವರ ಭಾಷಣ ನನ್ನ ಕುಕ್ಕರಿನ ಸೀಟಿಯ ಜೊತೆಗೇ ಕೇಳುತ್ತಿತ್ತು. ಎರಡನೇ ವರ್ಷಕ್ಕೆ ಪೂರ್ತಿ ಬಾಯಿಗೆ ಬಂದಿತ್ತು, ಉಪನಯನದಲ್ಲಿ ಕಲಿತ ಮಂತ್ರದ ಹಾಗೆ. ಉಚ್ಚಾರ ಶುದ್ಧ, ಅರ್ಥ ದೇವರಿಗೇ ಗೊತ್ತು.

ಅಣಕಿಸುವುದು ನನಗೆ ಹುಟ್ಟುಗುಣ. ನನ್ನ ಪ್ರೊಫೆಸರು, ಬಸ್ಸಿನ ಡ್ರೈವರು, ನಮ್ಮಮ್ಮ, ಯಾರನ್ನೂ ಬಿಟ್ಟವನಲ್ಲ. ಸೆಮಿನಾರಿನಲ್ಲಿ ಏಳು ಸಲ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಬಗ್ಗಿ, ಕೊನೆಗೂ ಗ್ರಾಫ್ ತೋರಿಸದೆ ಕೂತುಬಿಡುವ ನನ್ನನ್ನೇ ನಾನು ಅಣಕಿಸಿದಾಗ ಬೀಳುವ ನಗು ಬೇರೆ ಯಾರದಕ್ಕೂ ಬೀಳುವುದಿಲ್ಲ.

ಈ ವರ್ಷ ಸಂಘದ ಸುತ್ತೋಲೆ ಬಂತು. ಎಕ್ಸಾಮ್ ಪ್ಯಾಡಿನಂಥ ಹಲಗೆಗೆ ಕಾಗದ ಸಿಕ್ಕಿಸಿರುತ್ತಾರೆ. ಓದಿ, ಸೀಲು ಒತ್ತಿ, ಪಕ್ಕದ ಮನೆಗೆ ದಾಟಿಸಬೇಕು. ನನ್ನ ಹೆಸರಿನ ಪುಟ್ಟ ಸೀಲು ಮಾಡಿಸಿಕೊಂಡ ದಿನದಿಂದ ನನಗೆ ಒತ್ತುವ ಚಟ. ನನ್ನ ಹೆಸರಿನ ಸಾಲಿನಲ್ಲಿದ್ದ ಮೂರೂ ಚೌಕಕ್ಕೆ ಟಪ್ ಟಪ್ ಟಪ್ ಎಂದು ಒತ್ತಿದೆ. ಕಾಂಜಿ ಲಿಪಿ ನೀರು ಕುಡಿದಷ್ಟು ಸಲೀಸಾಗಿ ಓದುವ ಮೈಸೂರಿನ ರೂಮ್‌ಮೇಟ್ ಹಲಗೆ ಕಸಿದುಕೊಂಡ.

"ಮಗಾ, ಏನ್ ಒತ್ತಿದೀಯ ಗೊತ್ತಾ? ಕಳೆ ಕೀಳೋದು ಓಕೆ, ಚರಂಡಿ ಕ್ಲೀನಿಂಗೂ ಓಕೆ. ಮೂರನೇದು ಭಾನುವಾರದ ಗೈಡ್! ಓದ್ದೆ ಸೀಲ್ ಒತ್ತೋಕೆ ನೀನೇನ್ ಗೆಜೆಟೆಡ್ ಆಫೀಸರಾ?"

ಮಿಕ್ಕಿದ್ದನ್ನೂ ಓದಿ ಹೇಳಿದ. ಕೈಚೋ ಸಾನ್‌ಗೆ ಗಂಟಲಿನ ಆಪರೇಷನ್ ಆಗಿದೆ, ಮಾತಾಡುವಂತಿಲ್ಲ. ನಿವಾಸಿಗಳಲ್ಲಿ ಯಾರೂ ಗೈಡ್ ಆಗದಿದ್ದರೆ ವಸತಿ ಕಚೇರಿಯವರು ಇನ್ನು ಮುಂದೆ ಬಂದವರ ಕಿವಿಗೆ ಹೆಡ್‌ಫೋನ್ ಕೊಡುತ್ತಾರೆ. ಅದರ ರೆಕಾರ್ಡಿಂಗ್‌ನಲ್ಲಿ ಆರ್ಕಿಟೆಕ್ಟ್‌ಗಳ ಹೆಸರಿದೆ. ಅಚ್ಚಿನ ಹಲಗೆ ಹೊಡೆದವರ ಸುದ್ದಿಯೇ ಇಲ್ಲ.

"ಬೇರೆ ಯಾರೂ ಒತ್ತಿಲ್ಲ ಗುರು. ನೀನೊಬ್ಬನೇ."

ಭಯವಾದಾಗ ನಾನು ಇನ್ನೊಬ್ಬನಾಗಿಬಿಡುತ್ತೇನೆ. ಮೆಟ್ಟಿಲಿಗೆ ಹೋಗಿ, ಬೆನ್ನು ಬಗ್ಗಿಸಿ, ಕೈ ಹಿಂದೆ ಕಟ್ಟಿ ಶುರುಮಾಡಿದೆ: "ಹ್ಹೆಂ! ಈ ಗೋಡೆಯನ್ನು ನೋಡಬೇಡಿ. ಮುಟ್ಟಿ!" ಹೊಟ್ಟೆ ಹಿಡಿದು ನಗುತ್ತಿದ್ದ ರೂಮ್‌ಮೇಟ್ ತಟ್ಟನೆ ನಿಲ್ಲಿಸಿದ. ಅವನ ಕಣ್ಣು ನನ್ನ ಬೆನ್ನ ಹಿಂದಿತ್ತು.

ಒಂದು ತಿರುವಿನ ಕೆಳಗೆ ಕೈಚೋ ಸಾನ್, ಕೈಯಲ್ಲಿ ಖಾಲಿ ಬಾಟಲಿಗಳ ಚೀಲ. ಆ ಆರ್ಕಿಟೆಕ್ಟ್ ಪುಣ್ಯಾತ್ಮ ಮೆಟ್ಟಿಲಿಗೆ ಬಾಗಿಲಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ನಾನು ಸುಮಿಮಾಸೆನ್ ಎನ್ನುತ್ತ ಮೂರನೇ ಸಲ ಬಗ್ಗುವಷ್ಟರಲ್ಲಿ ಅವರು ಕೊರಳಿಗೆ ತೂಗುಹಾಕಿದ್ದ ಪುಟ್ಟ ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿದರು. ರೂಮ್‌ಮೇಟ್ ಓದಿದ: "ಕೆಮ್ಮು ಇನ್ನೂ ಕೆಳಗಿನಿಂದ ಬರಬೇಕು."

ಮುಂದಿನ ವಾರವೆಲ್ಲ ಕೈಚೋ ಸಾನ್ ಸ್ಲೇಟಿನ ಪಾಠ, ಓದಿ ಹೇಳಲು ರೂಮ್‌ಮೇಟ್. ನನ್ನ ಮಂತ್ರಕ್ಕೆ ಅರ್ಥ ಸಿಕ್ಕಿದ್ದು ಆಗ. ತಪ್ಪಿದರೆ ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಿದ್ದರು. ನನ್ನ ಮನೆಯ ಓರೆಗೋಡೆಯ ಮೇಲೆ ಕೈಯಾಡಿಸಿ ಅವರ ಹಲಗೆಯ ನಾರಿನ ಗುರುತು, ಒಂದು ಗಂಟಿನ ಅಚ್ಚು ತೋರಿಸಿದರು. ಎರಡು ವರ್ಷದಿಂದ ಅದರ ಮೇಲೆ ನಾನು ಕ್ಯಾಲೆಂಡರ್ ಅಂಟಿಸಿದ್ದೆ.

ಭಾನುವಾರ ಸ್ಕೆಚ್‌ಬುಕ್ ಹಿಡಿದ ವಿದ್ಯಾರ್ಥಿಗಳು ಬಂದರು. ಹೆಡ್‌ಫೋನ್ ಡಬ್ಬಿ ಬಗಲಿನಲ್ಲಿಟ್ಟುಕೊಂಡು ಕಚೇರಿಯ ಅಧಿಕಾರಿಯೂ ಬಂದ. ನಾನು ಹೊಟ್ಟೆಯಾಳದಿಂದ "ಹ್ಹೆಂ!" ಎಂದೆ. ಬಾಗಿಲುಗಳಲ್ಲಿ ನಿಂತಿದ್ದ ನಿವಾಸಿಗಳೆಲ್ಲ ಬೆಚ್ಚಿ ಕೈಚೋ ಸಾನ್ ಕಡೆ ತಿರುಗಿದರು. ಅವರ ಬಾಯಿ ಮುಚ್ಚಿತ್ತು. ಆಮೇಲೆ ಎದ್ದ ನಗು ಮೆಟ್ಟಿಲುದ್ದಕ್ಕೂ ಹತ್ತಿತು. ಒಂದೊಂದು ಗೋಡೆಯನ್ನೂ ಮುಟ್ಟಿಸಿದೆ, ಒಂದೊಂದು ಹಲಗೆಯ ಕಥೆಯನ್ನೂ ಹೇಳಿದೆ. ಗೆಣ್ಣಿನ ಸದ್ದು ಒಮ್ಮೆಯೂ ಕೇಳಲಿಲ್ಲ.

ಕೊನೆಯಲ್ಲಿ ಒಬ್ಬಳು ಹುಡುಗಿ ಕೇಳಿದಳು: "ಎಲ್ಲಕ್ಕಿಂತ ಕಷ್ಟವಾಗಿದ್ದು ಯಾವುದು?"

ಅದು ಭಾಷಣದಲ್ಲಿರಲಿಲ್ಲ. ಹಿಂದಕ್ಕೆ ತಿರುಗಿ ನೋಡಿದೆ. ಕೈಚೋ ಸಾನ್ ಸ್ಲೇಟಿನಲ್ಲಿ ಬರೆದರು, ನನಗೋಸ್ಕರ, ಕಾಂಜಿಯಿಲ್ಲದೆ, ಮಕ್ಕಳಿಗೆ ಬರೆದಂತೆ. ಅವರ ದನಿಯಲ್ಲಿ ಓದಿದೆ: "ಓರೆ. ಅಷ್ಟು ವರ್ಷ ನೇರ ಮಾಡಿದ ಕೈ ಇದು. ಸ್ವಲ್ಪ ವಾಲು ಎಂದು ದಿನಾ ಬೆಳಿಗ್ಗೆ ಕೈಗೆ ಹೇಳಬೇಕಾಗಿತ್ತು."

ಕೇಳಿದವರೆಲ್ಲ ಒಬ್ಬೊಬ್ಬರಾಗಿ ಹೋಗಿ ಮತ್ತೊಮ್ಮೆ ಗೋಡೆ ಮುಟ್ಟಿದರು, ಆಮೇಲೆ ಚಪ್ಪಾಳೆ ಬಿತ್ತು. ಅಧಿಕಾರಿ ಡಬ್ಬಿಯನ್ನು ಚೀಲಕ್ಕೆ ತುರುಕಿ, "ಗೈಡ್ ಸಾನ್, ಮುಂದಿನ ವರ್ಷವೂ ದಯವಿಟ್ಟು" ಎಂದು ಬಗ್ಗಿದ.

ಅಷ್ಟರಲ್ಲಿ ಕೈಚೋ ಸಾನ್ ಮುಂದೆ ಬಂದು, ತಲೆಯನ್ನು ನಮ್ಮವರ ಹಾಗೆ ಅತ್ತಿತ್ತ ತೂಗಿ, ನನ್ನಂತೆಯೇ ಏನನ್ನೂ ಓದದೆ ಗಾಳಿಯಲ್ಲಿ ಟಪ್ ಟಪ್ ಟಪ್ ಸೀಲು ಒತ್ತಿ ತೋರಿಸಿದರು. ನನಗೆ ಬಿದ್ದಿದ್ದಕ್ಕಿಂತ ದೊಡ್ಡ ನಗು ಬಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು, ಅವರಿಗೆ ಈ ಗುಟ್ಟು ಹೇಳಿಕೊಟ್ಟ ನನ್ನ ರೂಮ್‌ಮೇಟ್.

ಮುಂದಿನ ವರ್ಷದ ಸುತ್ತೋಲೆಯ ಹಲಗೆ ಮೊನ್ನೆ ಬಂತು. ನಿಘಂಟು ತೆಗೆದು ಒಂದಕ್ಷರವೂ ಬಿಡದೆ ಓದಿದೆ. ಆಮೇಲೆ ಮೂರೂ ಚೌಕಕ್ಕೆ ಒತ್ತಿದೆ.